ಬೂದಿ ಹುಬ್ಬಿನ ಹಕ್ಕಿ

"ಮೂಗು ಮುಚ್ಕೊಳ್ಳಿ ಮೇಡಂ, ಬಿಚ್ತೀನಿ," ಎಂದ ಹವಾಲ್ದಾರ್ ತೊಲೋಸಾ.

ನಾನು ಮುಚ್ಚಿಕೊಳ್ಳಲಿಲ್ಲ. ಸಿಯಾತೋಬ ಸರೋವರದ ದಡದಲ್ಲಿ ಹುಟ್ಟಿದವರು ಮೂಗು ಮುಚ್ಚಿಕೊಳ್ಳುತ್ತ ಕೂತರೆ ಉಸಿರಾಡುವುದು ಯಾವಾಗ? ಊರ ಸುತ್ತ ಈರುಳ್ಳಿ ಹೊಲ, ಹೊಲದ ತುಂಬ ಹಸಿ ಕೋಳಿಗೊಬ್ಬರ, ಗೊಬ್ಬರದ ಮೇಲೆ ನೊಣ, ಅದೇ ನೊಣ ನಮ್ಮ ಸಾರಿನ ಬಟ್ಟಲಿನ ಅಂಚಿನಲ್ಲಿ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದ್ದೇನೆ, ಇನ್ನು ಯಾವ ವಾಸನೆಗೂ ಜಗ್ಗುವುದಿಲ್ಲ ಎಂದುಕೊಂಡಿದ್ದೆ. ಪ್ಲಾಸ್ಟಿಕ್ ಚೀಲ ಬಿಚ್ಚಿದೊಡನೆ ಅಂಗಿಯ ತೋಳು ಮೂಗಿಗೆ ಒತ್ತಿಕೊಂಡೆ.

ಹಳೆ ಪತ್ರಿಕೆಯ ಮೇಲೆ ಮೂರು ಹಕ್ಕಿಗಳು ಬಿದ್ದವು. ಮುಷ್ಟಿಯೊಳಗೆ ಅಡಗಿಸಬಹುದಾದಷ್ಟು ಸಣ್ಣವು. ಕಂದು ಮೈ, ಬೆನ್ನಿನ ಮೇಲೆ ಕಪ್ಪು ಗೀರುಗಳು, ಬಾಲಕ್ಕೆ ಅಡ್ಡಪಟ್ಟೆ. ಮೂರರ ಕಾಲುಗಳನ್ನೂ ಸೇರಿಸಿ ಜೊಂಡಿನ ಎಳೆಯಿಂದ ಗಂಟು ಹಾಕಿತ್ತು. ಒಂದರ ಕಣ್ಣಿನ ಗುಳಿಯಲ್ಲಿ ಅಕ್ಕಿಕಾಳಿನಷ್ಟು ದಪ್ಪನೆಯ ಹುಳುಗಳು ಮಿಜಿಗುಡುತ್ತಿದ್ದವು.

"ಥೂ," ಎಂದೆ.

"ಅದಕ್ಕೇ ಹೇಳಿದ್ದು, ಬೇಡ ಅಂತ," ಎಂದ ತೊಲೋಸಾ. "ಹಕ್ಕಿ ಡಾಕ್ಟರ್ ಬಾರಗಾನ್ ಇವು ಅಳಿವಿನಂಚಿನವೇ ಅಂತ ಸರ್ಟಿಫಿಕೇಟ್ ಕೊಟ್ಟಾಗಿದೆ. ನಾಲ್ಕು ಗಂಟೆಗೆ ಮುದುಕನ್ನ ತುಂಹಾ ಜೈಲಿಗೆ ಬಿಟ್ಟು ಬರ್ತೀನಿ. ಮುಗೀತಲ್ಲ? ಇನ್ಯಾಕೆ ಈ ಹೊಲಸು ಕೆದಕೋದು?"

ಹಾಗೆಂದವನು ಕಿಟಕಿಯ ಪಕ್ಕ ಹೋಗಿ ಕರವಸ್ತ್ರದ ಗಂಟು ಬಿಚ್ಚಿದ. ಬೇಯಿಸಿದ ಆಲೂಗಡ್ಡೆ. ಒಂದರ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡ. ಹುಳು ಬಿದ್ದ ಹೆಣಗಳಿಂದ ಎರಡು ಮಾರು ದೂರದಲ್ಲಿ!

"ನಿನ್ನ ಊಟದ ಡಬ್ಬಿ ಏನಾಯ್ತೋ?"

"ನಮ್ಮವಳು ಎಲ್ಲೋ ಕಳೆದುಹಾಕಿದಾಳೆ ಮೇಡಂ. ತಗೊಳ್ಳಿ, ಒಂದು ಆಲೂಗಡ್ಡೆ."

ನನಗೆ ಬೇಡವಾಗಿತ್ತು. ಇವನು ಮೇಲಿನ ಪಾರಮೊದವನು. ಮರ ಬೆಳೆಯದ ಆ ಚಳಿ ಬಯಲಿನಲ್ಲಿ ಬೆಳೆದವರ ಹೊಟ್ಟೆ ಕಲ್ಲು ಎಂದುಕೊಂಡೆ.

ಬುಧವಾರ ಬೆಳಿಗ್ಗೆ, ಹಕ್ಕಿ ಎಣಿಸುವ ಕೆಲಸದ ಲಿಬಾರ್ದೋ ಕಮಾರ್ಗೋ ಉತ್ತರ ದಡದ ಗೊಬ್ಬರದ ಕಾಲುವೆಯಲ್ಲಿ ತಲೆ ಒಡೆದು ಬಿದ್ದಿದ್ದ, ಸತ್ತದ್ದು ಮಂಗಳವಾರ ಸಂಜೆ. ಮಧ್ಯಾಹ್ನದೊಳಗೆ ಜೊಂಡು ಕೊಯ್ಯುವ ಮುದುಕ ಅಬ್ದೋನ್ ಸಿಪಗೌತಾನ ದೋಣಿಯ ಹಲಗೆಯಡಿ ಈ ಮೂರು ಹಕ್ಕಿಗಳನ್ನು ತೊಲೋಸಾ ಹುಡುಕಿ ತೆಗೆದಿದ್ದ. ಕತೆ ತಾನಾಗಿ ಹೆಣೆದುಕೊಂಡಿತು. ಅಬ್ದೋನ್ ಅಳಿವಿನಂಚಿನ ಹಕ್ಕಿ ಕೊಂದ, ಲಿಬಾರ್ದೋ ಅದನ್ನು ಕಂಡ, ಅಬ್ದೋನ್ ಅವನನ್ನೂ ಕೊಂದ. ಮೇಲಧಿಕಾರಿಗಳಿಗೆ ಇಷ್ಟು ಸಾಕಾಗಿತ್ತು. ಅರವತ್ತೇಳು ವರ್ಷದ ಅಬ್ದೋನನ ಎದೆ ಮಲಗಿದರೂ ಸಿಳ್ಳೆ ಹಾಕುತ್ತದೆ. ಆ ಜೈಲಿನೊಳಗೆ ಹೋದರೆ ವಿಚಾರಣೆಯ ದಿನ ಬರುವ ಮೊದಲೇ ಅವನು ಹೆಣವಾಗಿರುತ್ತಾನೆ. ನಾಲ್ಕು ಗಂಟೆಗೆ ಇನ್ನು ಆರು ಗಂಟೆ ಉಳಿದಿತ್ತು.

ನಾನು ಮತ್ತೆ ಹುಳುಗಳನ್ನು ನೋಡಿದೆ. ಮಂಗಳವಾರ ಸತ್ತ ಹಕ್ಕಿಯಲ್ಲಿ ಶುಕ್ರವಾರದ ಹೊತ್ತಿಗೆ, ಅದೂ ನಮ್ಮ ಈ ಚಳಿಯಲ್ಲಿ, ಹುಳು ಇಷ್ಟು ಕೊಬ್ಬುವುದಿಲ್ಲ.

ಪತ್ರಿಕೆ ಸಮೇತ ಹಕ್ಕಿಗಳನ್ನು ಎತ್ತಿಕೊಂಡು ಲಾಕಪ್ಪಿಗೆ ನಡೆದೆ.

ಹೊರಗಿನ ಬೆಂಚಿನ ಮೇಲೆ ಅಬ್ದೋನನ ತಂಗಿ ಬೆನಿಲ್ದಾ ಕೂತಿದ್ದಳು. ಮೂರು ದಿನದಿಂದ ಅಲ್ಲೇ ಇದ್ದಾಳೆ. ಸುಮ್ಮನೆ ಕೂರಲಾರದೆ ಜೊಂಡು ತಂದು ಠಾಣೆಯ ಜಗುಲಿಯ ಮೇಲೇ ಚಾಪೆ ಹೆಣೆಯುತ್ತಿದ್ದಾಳೆ. ಚಾಪೆ ಆಗಲೇ ಒಂದಾಳುದ್ದ ಆಗಿತ್ತು.

"ಊಟ ಮಾಡಿದ್ರಾ ದೊನ್ಯಾ ಬೆನಿಲ್ದಾ?"

"ಅಣ್ಣ ಹೊರಗೆ ಬರ್ಲಿ, ಆಮೇಲೆ ಮಾಡ್ತೀನಿ. ಅದೇನು ಸುಮೆರ್ಸೆ ಕೈಲಿ, ಅಷ್ಟು ನಾತ?"

ಸುಮೆರ್ಸೆ ಅಂದರೆ ನಮ್ಮ ಕಡೆ 'ತಾವು'. ಪತ್ರಿಕೆ ಮಡಚಿಕೊಂಡು ಒಳಗೆ ಹೋದೆ. ಅಬ್ದೋನ್ ಉಣ್ಣೆಯ ರುವಾನಾ ಹೊದ್ದು ಮೂಲೆಯಲ್ಲಿ ಮುದುಡಿದ್ದ. ಅವನ ಬೆರಳುಗಳ ತುಂಬ ಜೊಂಡಿನ ಅಲಗು ಸೀಳಿದ ಹಳೆಯ ಗಾಯಗಳು. ಸರಳಿನಡಿ ಪತ್ರಿಕೆ ಸರಿಸಿದೆ.

"ನೋಡಿ ದೋನ್ ಅಬ್ದೋನ್. ನೀವು ಕೊಂದ ಹಕ್ಕಿಗಳು."

"ಎರಡು ದಿನದಿಂದ ಕೊಂದೆ ಕೊಂದೆ ಅಂತ ಬೈತಾನೇ ಇದಾರೆ," ಎಂದ ಕೆಮ್ಮುತ್ತ. "ತೋರ್ಸಿದ್ದು ಈಗ ನೀವೇ ಮೊದಲು."

ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿತು. ಒಂದು ಕಡ್ಡಿಯಿಂದ ಹಕ್ಕಿಯ ತಲೆ ಹೊರಳಿಸಿದ. ಅವನ ಮುಖದಲ್ಲಿ ಹೆದರಿಕೆ ಕಾಣಲಿಲ್ಲ, ಸಿಟ್ಟು ಕಂಡಿತು.

"ಇದು ನಮ್ದಲ್ಲ ಸುಮೆರ್ಸೆ. ಮೇಲಿಂದು."

"ಮೇಲಿಂದು ಅಂದ್ರೆ?"

"ಪಾರಮೊದ್ದು. ಹುಲ್ಲಿಂದು. ಕೊಲೆ ಮಾಡ್ದೆ ಅಂತೀರಾ, ಅನ್ನಿ, ನಿಮ್ಮ ಬಾಯಿ ನಾನು ಹಿಡಿಯಕ್ಕಾಗಲ್ಲ. ಆದ್ರೆ ಈ ಕುಳ್ಳನ್ನ ಜೊಂಡಿನ ಹಕ್ಕಿ ಅಂದ್ಕೊಂಡು ಹಿಡ್ದೆ ಅಂತ ಬರ್ಕೊಂಡಿದೀರಲ್ಲ, ನಂಗೆ ಕಣ್ಣಿಲ್ವಾ? ನಾಚಿಕೆ ಆಗ್ಬೇಕು!"

ನಮ್ಮಲ್ಲಿ ಇವಕ್ಕೆಲ್ಲ ಒಂದೇ ಹೆಸರು, ಕುಕರಚೇರೊ. ಜಿರಳೆ ಹಿಡಿಯುವವನು ಎಂದು. ಓದಿದವರು ರೆನ್ ಅನ್ನುತ್ತಾರೆ. ಸೂರಿನ ಹೆಂಚಿನಡಿ ಗೂಡು ಕಟ್ಟುವ ಮನೆಯ ರೆನ್ ಎಲ್ಲರಿಗೂ ಗೊತ್ತು, ಅದರ ಬೆನ್ನಿನ ಮೇಲೆ ಗೀರೇ ಇಲ್ಲ. ಗೀರಿರುವವು ಎರಡು: ಪಾರಮೊದ ಹುಲ್ಲಿನದು, ಸರೋವರದ ಜೊಂಡಿನದು. ಹುಲ್ಲಿನದು ಬೇಕಾದಷ್ಟಿದೆ, ಯಾರೂ ಕೇಳುವವರಿಲ್ಲ. ಜೊಂಡಿನದು ಜಗತ್ತಿನಲ್ಲೆಲ್ಲ ಸೇರಿ ಬೆರಳೆಣಿಕೆಯ ಕೆರೆಗಳಲ್ಲಿ ಉಳಿದಿದೆ. ಕಾನೂನಿನ ಪ್ರಕಾರ ಅದಿರುವ ಜೊಂಡಿನ ಒಂದು ಕಡ್ಡಿಯನ್ನೂ ಯಂತ್ರ ಮುಟ್ಟುವ ಹಾಗಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಎನ್ನಬೇಕು. ನನಗಂತೂ ವ್ಯತ್ಯಾಸ ಗೊತ್ತಿರಲಿಲ್ಲ.

"ಹೇಗೆ ಹೇಳ್ತೀರಿ? ಜಡ್ಜ್ ಕೇಳಿದ್ರೆ ನಾನೇನು ಹೇಳ್ಲಿ?"

"ಹುಬ್ಬು ನೋಡಿ. ಇದರ ಕಣ್ಣಿನ ಮೇಲಿನ ಗೆರೆ ಕೆನೆ ಬಣ್ಣ. ನಮ್ದಕ್ಕೆ ಬೂದಿ ಬಣ್ಣ. ಒಲೆ ಊದ್ವಾಗ ಬೂದಿ ಹಾರಿ ಮುಖಕ್ಕೆ ಮೆತ್ಕೊಂಡಿರುತ್ತಲ್ಲ, ಹಂಗೆ. ಗಾತ್ರ ನೋಡಿ. ನಮ್ದು ಇದಕ್ಕಿಂತ ಎರಡು ಬೆರಳು ಉದ್ದ, ಕೊಕ್ಕೂ ಉದ್ದ. ಬದುಕಿದ್ದಾಗ ನೋಡಿದ್ರೆ ಕುರುಡನೂ ಹೇಳ್ತಾನೆ. ಇದು ಇಲಿ ಥರ ನೆಲದ ಮೇಲೆ ಹುಲ್ಲೊಳಗೆ ನುಸೀತಾ ಹೋಗುತ್ತೆ, ತುಳಿಯೋವರೆಗೂ ಹಾರಲ್ಲ. ನಮ್ದು ನೆಲಕ್ಕೆ ಇಳಿಯೋದೇ ಇಲ್ಲ. ಒಂದು ಜೊಂಡಿಗೆ ಒಂದು ಕಾಲು, ಇನ್ನೊಂದಕ್ಕೆ ಇನ್ನೊಂದು ಕಾಲು, ಮಧ್ಯ ಕಾಲು ಕಿಸ್ಕೊಂಡು ನಿಂತು ಬೈಯುತ್ತೆ. ಇದು ಒಂಟಿಯಾಗಿ ಹಾಡುತ್ತೆ. ನಮ್ದು ಮನೆಮಂದಿಯೆಲ್ಲ ಸೇರಿ ಗಲಾಟೆ ಮಾಡುತ್ತೆ."

"ಇಲಿ ಅಂತೆ, ಬೂದಿ ಅಂತೆ," ಎಂದು ಹಿಂದಿನಿಂದ ನಗು ಕೇಳಿಸಿತು. ತೊಲೋಸಾ ಬಾಗಿಲಿಗೆ ಒರಗಿ ನಿಂತು ಆಲೂಗಡ್ಡೆ ಜಗಿಯುತ್ತಿದ್ದ. "ಮುದುಕಪ್ಪ ಡಾಕ್ಟರಿಗೇ ಪಾಠ ಹೇಳ್ತಾನೆ ಮೇಡಂ."

"ನೀನು ಹೋಗಿ ಜೀಪಿಗೆ ಎಣ್ಣೆ ಹಾಕ್ಸು."

ಅವನು ಹೋದ ಮೇಲೆ ಅಬ್ದೋನ್ ಕಡ್ಡಿಯನ್ನು ಹಕ್ಕಿಗಳ ಕಾಲಿನ ಕಡೆಗೆ ತಂದ. ಕೈ ಅಲ್ಲೇ ನಿಂತಿತು.

"ಈ ಗಂಟು ಯಾರು ಹಾಕಿದ್ದು?"

"ನೀವೇ ಅಂತ ವರದಿಯಲ್ಲಿದೆ."

"ನಾನಾ?" ಮುದುಕ ಪಕ್ಕಕ್ಕೆ ಉಗುಳಿದ. "ಗೂಡಿರೋ ಜೊಂಡಿನ ಗೊಂಚಲಿಗೆ ಹಾಕೋ ಗಂಟು ಇದು ಸುಮೆರ್ಸೆ. ಇಲ್ಲಿ ಕುಡುಗೋಲು ಹಾಕ್ಬೇಡ, ಒಳಗೆ ಜೀವ ಇದೆ ಅಂತ ಹಿಂದೆ ಬರೋನಿಗೆ ಹೇಳೋಕೆ. ನಮ್ಮಪ್ಪ ಕಲಿಸಿದ್ದು, ಅವರಪ್ಪ ಅವರಿಗೆ ಕಲಿಸಿದ್ದು. ಇದನ್ನ ಸತ್ತಿದ್ದಕ್ಕೆ ಹಾಕೋದಾ? ಹೆಣಾನ ತೊಟ್ಟಿಲಲ್ಲಿ ಮಲಗ್ಸಿದಂಗೆ. ಜೊಂಡು ಕೊಯ್ಯೋ ಯಾವನೂ ಮಾಡಲ್ಲ. ಅಸಹ್ಯ."

ಇದಕ್ಕೆ ನನ್ನ ಕಿವಿ ನಿಮಿರಿತು. ಈ ಗಂಟು ಹಾಕಿದವನು ದಡದಲ್ಲಿ ಓಡಾಡುವವನು, ಅದನ್ನು ನೂರು ಸಲ ಕಂಡವನು, ಜೊಂಡಿನವರ ಕೈಗುರುತು ಎಂದುಕೊಂಡು ಮುದುಕನ ತಲೆಗೆ ಕಟ್ಟಲು ಅದನ್ನೇ ಆರಿಸಿಕೊಂಡವನು. ಅದರ ಅರ್ಥ ಮಾತ್ರ ಅವನಿಗೆ ತಿಳಿದಿಲ್ಲ. ಅವನ ಕೈ ಒಂದು ದಿನವೂ ಕುಡುಗೋಲು ಹಿಡಿದಿಲ್ಲ.

ಹಕ್ಕಿಗಳನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ಉಸಿರು ಕಟ್ಟಿ, ಆ ಗಂಟಿನ ಕೆಳಗೆ ನೋಡಿದೆ. ಒಣಗಿದ ಉಗುರುಗಳ ನಡುವೆ ಬಿಳಿಯ ತುಪ್ಪಳದಂಥ ಏನೋ ಸಿಕ್ಕಿಕೊಂಡಿತ್ತು. ಅದು ಫ್ರೈಲೆಹೋನ್ ಗಿಡದ ಎಲೆಯ ಮೇಲಿನ ಉಣ್ಣೆ. ಪಾರಮೊ ಬಿಟ್ಟು ಬೇರೆಲ್ಲೂ ಆ ಗಿಡ ಬೆಳೆಯುವುದಿಲ್ಲ.

ಯಾರೋ ಮೇಲಕ್ಕೆ ಹತ್ತಿ, ಹುಲ್ಲಿನಲ್ಲಿ ಮೂರು ಬಡಪಾಯಿ ಜೀವಗಳ ಕತ್ತು ಹಿಸುಕಿ, ಕೆಳಕ್ಕೆ ತಂದಿದ್ದರು. ಒಬ್ಬ ಮುದುಕನನ್ನು ಜೈಲಿನಲ್ಲಿ ಕೊಳೆಸುವುದಕ್ಕೆ.

ಸತ್ತ ಹಕ್ಕಿಯ ಮಾತು ಸಾಲದು, ಬದುಕಿರುವುದನ್ನೂ ನನ್ನ ಕಣ್ಣಿಂದಲೇ ನೋಡಬೇಕಿತ್ತು. ಬೆನಿಲ್ದಾಳನ್ನು ಎಬ್ಬಿಸಿದೆ. ಅವಳು ಚಾಪೆ ಮಡಚಿಟ್ಟು ಹೊರಟಳು. ಅಣ್ಣನ ದೋಣಿ ಠಾಣೆಯ ವಶದಲ್ಲಿತ್ತು, ಹಾಗಾಗಿ ಪಕ್ಕದವರ ದೋಣಿ ಕೇಳಿ ತಂದಳು. ಗಳು ಊರಿ ತಳ್ಳುತ್ತ ಉತ್ತರ ದಡಕ್ಕೆ ಕರೆದೊಯ್ದಳು.

ಕಾಲುವೆ ಸರೋವರಕ್ಕೆ ಸೇರುವಲ್ಲಿ ನೀರು ಕಂದು ನೊರೆ ಕಾರುತ್ತಿತ್ತು. ಕೋಳಿ ಪುಕ್ಕ, ಗೊಬ್ಬರದ ಕೆನೆ, ಹೊಟ್ಟೆ ಮೇಲಾದ ಒಂದು ಮೀನು. ಲಿಬಾರ್ದೋನ ಮುಖ ಇದರಲ್ಲೇ ಮುಳುಗಿತ್ತು. ಅವನ ಬಾಯಿ ತುಂಬ ಗೊಬ್ಬರವಿತ್ತು ಎಂದು ವರದಿಯಲ್ಲಿ ಓದಿದಾಗ ಕಾಫಿ ಪಕ್ಕಕ್ಕಿಟ್ಟವಳು ಇವತ್ತಿಗೂ ಕುಡಿದಿಲ್ಲ. ಇಂಥ ಹೊಲಸನ್ನು ನೀರಿಗೆ ಬಿಡುವ ದೋನ್ ಕಾಂಪೊ ಎಲಿಯಾಸ್ ಭಾನುವಾರ ಇಗರ್ಜಿಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಾನೆ. ಊರ ಅರ್ಧ ಈರುಳ್ಳಿ ಅವನದೇ. ಈ ಉತ್ತರ ದಡದ ಜೊಂಡನ್ನೂ ಬರಿದು ಮಾಡಿ ಈರುಳ್ಳಿ ಹಾಕಬೇಕೆಂಬುದು ಅವನ ಆಸೆ.

"ಮಾತಾಡ್ಬೇಡಿ ದೊನ್ಯಾ ಒಫೇಲಿಯಾ," ಎಂದು ಬೆನಿಲ್ದಾ ಪಿಸುಗುಟ್ಟಿದಳು. "ಅಲ್ಲಿ."

ಜೊಂಡಿನ ಗೊಂಚಲೊಂದಕ್ಕೆ ಸೊಂಟದೆತ್ತರದಲ್ಲಿ ಹಸಿರು ಗಂಟು ಬಿಗಿದಿತ್ತು. ನನ್ನ ಮೇಜಿನ ಮೇಲಿದ್ದ ಅದೇ ಗಂಟು, ಇಲ್ಲಿ ಜೀವಂತ ಜೊಂಡಿನ ಮೇಲೆ. ಒಳಗಿನಿಂದ ಕರಕರ ಎಂದು ಬೈಗುಳ ಕೇಳಿಸಿತು. ಆಮೇಲೆ ಅದು ಹೊರಬಂತು. ಎರಡು ಜೊಂಡಿಗೆ ಒಂದೊಂದು ಕಾಲು ಚಾಚಿ, ಬಾಲ ಎತ್ತಿ, ನಮ್ಮನ್ನೇ ದುರುಗುಟ್ಟಿ ನೋಡಿತು. ಕಣ್ಣಿನ ಮೇಲೆ ಬೂದಿ ಹುಬ್ಬು. ಅದು ಶುರು ಮಾಡಿದ್ದೇ ತಡ, ಪಕ್ಕದಿಂದ ಇನ್ನೊಂದು, ಹಿಂದಿನಿಂದ ಮತ್ತೊಂದು ದನಿ ಸೇರಿಕೊಂಡಿತು. ನನಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು.

"ಇಂಥ ಗಂಟು ಎಷ್ಟಿವೆ?"

"ಹತ್ತೊಂಬತ್ತು. ಲಿಬಾರ್ದೋನೂ ಅಷ್ಟೇ ಬರ್ಕೊಂಡಿದ್ದ. ಪಾಪ, ಅಣ್ಣನೇ ಅವನಿಗೆ ಒಂದೊಂದೂ ತೋರ್ಸಿದ್ದು. ಅಣ್ಣ ಅವನನ್ನ ಕೊಲ್ತಾನಾ?"

"ಮತ್ತೆ ಆರು ತಿಂಗಳ ಹಿಂದೆ ಹಕ್ಕಿ ಸರ್ವೆಗೆ ಅಂತ ಡಾಕ್ಟರ್ ಬಾರಗಾನ್ ಬಂದಿದ್ರಲ್ಲ, ಅವರಿಗೂ ತೋರ್ಸಿದ್ರಾ?"

"ಅವರಾ?" ಬೆನಿಲ್ದಾ ಗಳು ಎಳೆದು ನೀರು ಒದರಿದಳು. "ಅವರು ದೋಣಿಗೆ ಕಾಲೇ ಇಡ್ಲಿಲ್ಲ. ಶೂ ಹಾಳಾಗುತ್ತೆ ಅಂತ ದಡದಲ್ಲೇ ನಿಂತು ಫೋಟೋ ತೆಗೆಸ್ಕೊಂಡು ಹೋದ್ರು."

ಊರಿಗೆ ಮರಳಿದಾಗ ಒಂದೂವರೆ. ಬೆನಿಲ್ದಾ ಠಾಣೆಯ ಬೆಂಚಿಗೆ ಹೋದಳು, ನಾನು ಔಷಧಿ ಅಂಗಡಿಯ ಮೇಲಿನ ಬಾರಗಾನನ ಕೋಣೆಯ ಮೆಟ್ಟಿಲು ಹತ್ತಿದೆ.

ಕೋಣೆಯೊಳಗೆ ಸೆಂಟಿನ ಗಮಗಮ. ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿತ್ತು, ಊರಿನ ನಾತ ಒಳಗೆ ಬರಬಾರದಲ್ಲ. ಡಾಕ್ಟರ್ ಹೆರ್ನಾಂಡೋ ಬಾರಗಾನ್ ಬಿಳಿ ಅಂಗಿ ತೊಟ್ಟು, ಉಗುರಿಗೆ ಅರ ಹಾಕುತ್ತ ಕೂತಿದ್ದ. ಹಕ್ಕಿ ತಜ್ಞ ಎಂದು ಬಾಗಿಲಿನ ಮೇಲೆ ಹಿತ್ತಾಳೆ ಫಲಕ. ಆ ಫಲಕದ ಮುಖ ನೋಡಿಯೇ ನಾವೆಲ್ಲ ಅವನ ಸಹಿಗೆ ತಲೆಬಾಗುವುದು.

"ಬನ್ನಿ ಬನ್ನಿ ಇನ್‌ಸ್ಪೆಕ್ಟರ್. ಸುಮೆರ್ಸೆಯ ಮುಖ ಬಾಡಿದೆ, ಊಟ ಆದ ಹಾಗಿಲ್ಲ. ಸಿಹಿ ತಗೊಳ್ಳಿ."

ಮೇಜಿನ ಮೇಲಿದ್ದ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಬಾಳೆ ಎಲೆ ಸುತ್ತಿದ ಪೇರಲೆ ಹಣ್ಣಿನ ಮಿಠಾಯಿ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಒಂದು ತೆಗೆದು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿಯೇ ಇತ್ತು.

ಎರಡು ಕಾಗದಗಳನ್ನು ಅವನ ಮುಂದೆ ಇಟ್ಟೆ.

"ಇದು ಆರು ತಿಂಗಳ ಹಿಂದಿನದು. ಉತ್ತರ ದಡದಲ್ಲಿರೋದು ಬರೀ ಹುಲ್ಲಿನ ರೆನ್, ಜೊಂಡಿನ ರೆನ್ ಒಂದೂ ಇಲ್ಲ, ಜೊಂಡು ತೆಗೆದರೆ ತೊಂದರೆಯಿಲ್ಲ ಅಂತ ಬರೆದಿದೀರಿ. ದೋನ್ ಕಾಂಪೊ ಎಲಿಯಾಸ್‌ಗಾಗಿ. ಸಹಿ ನಿಮ್ಮದೇ ತಾನೆ?"

"ನನ್ನದೇ."

"ಇದು ಮೊನ್ನೆ ಬುಧವಾರದ್ದು. ಅಬ್ದೋನ್ ಉತ್ತರ ದಡದಲ್ಲಿ ಹಿಡಿದ ಮೂರೂ ಜೊಂಡಿನ ರೆನ್ ಅಂತ ಇದೆ. ಈ ಸಹಿ?"

ಅರ ಹಾಕುವುದು ನಿಂತಿತು.

"ಇಲ್ಲದ ಹಕ್ಕೀನ ಮುದುಕ ಎಲ್ಲಿಂದ ಹಿಡಿದ ಡಾಕ್ಟರ್?"

"ಹಕ್ಕಿಗಳು ಹಾರ್ತವೆ ಇನ್‌ಸ್ಪೆಕ್ಟರ್," ಎಂದು ನಕ್ಕ. "ಆಗ ಇರಲಿಲ್ಲ, ಆಮೇಲೆ ಬಂದಿರಬಹುದು."

"ಅವುಗಳ ಹುಬ್ಬು ಯಾವ ಬಣ್ಣ?"

"ಏನು?"

"ಮೂರು ಹಕ್ಕಿ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟಿದೀರಿ. ಹುಬ್ಬಿನ ಬಣ್ಣ ಹೇಳಿ."

"ಅದೆಲ್ಲ ಸೂಕ್ಷ್ಮ ವಿಚಾರ, ಸುಮೆರ್ಸೆಗೆ ಅರ್ಥ ಆಗೋದು ಕಷ್ಟ..."

"ಕೆನೆ ಬಣ್ಣ. ಜೊಂಡಿನದಕ್ಕೆ ಬೂದಿ ಬಣ್ಣ. ಇದು ನನಗೆ ಹೇಳಿದ್ದು ಮೂರನೇ ಕ್ಲಾಸೂ ಓದದ ಮುದುಕ, ಲಾಕಪ್ಪಿನಲ್ಲಿ ಕೂತು, ಕೆಮ್ತಾ. ಆ ಹಕ್ಕಿಗಳ ಉಗುರಲ್ಲಿ ಫ್ರೈಲೆಹೋನ್ ಉಣ್ಣೆ ಇದೆ. ಇವತ್ತು ಬೆಳಿಗ್ಗೆ ನಾನು ಉತ್ತರ ದಡಕ್ಕೆ ಹೋಗಿ ನಿಜವಾದ ಜೊಂಡಿನ ರೆನ್ ನೋಡಿ ಬಂದೆ. ಅಂದ್ರೆ ಎರಡು ಕಾಗದದಲ್ಲೂ ನೀವು ಸುಳ್ಳು ಬರೆದಿದೀರಿ. ಬದುಕಿರೋದನ್ನ ಇಲ್ಲ ಅಂದ್ರಿ, ಸತ್ತಿದ್ದಕ್ಕೆ ಬೇರೆ ಹೆಸರಿಟ್ರಿ."

"ಒಂದು ಗುಬ್ಬಿಗಾತ್ರದ ಹಕ್ಕಿಗೆ ಇಷ್ಟೊಂದು ರಾದ್ಧಾಂತವಾ? ಕಂದು ಬಣ್ಣ, ಗೀರು, ಪಟ್ಟೆ. ಎರಡಕ್ಕೂ ಅದೇ. ಯಾವ ಜಡ್ಜ್ ಹುಬ್ಬು ನೋಡ್ತಾನೆ?"

"ನಾನು ತೋರಿಸ್ತೀನಿ. ಇದು ಹಕ್ಕಿ ಮಾತಲ್ಲ ಡಾಕ್ಟರ್. ಲಿಬಾರ್ದೋ ನಿಮ್ಮ ಮೊದಲ ವರದಿ ಸುಳ್ಳು ಅಂತ ಕಂಡುಹಿಡಿದ, ಮಂಗಳವಾರ ಸಂಜೆ ಸತ್ತ. ನಿಮ್ಮ ಎರಡನೇ ವರದಿ ಇನ್ನೊಬ್ಬನನ್ನ ಕೊಲ್ಲುತ್ತೆ. ಎರಡೂ ಹೆಣಕ್ಕೆ ನಿಮ್ಮದೇ ಸಹಿ."

ಅವನ ಹಣೆಯ ಮೇಲೆ ಬೆವರು ಮೂಡಿತು. ಸೆಂಟಿನ ವಾಸನೆಯ ಜೊತೆ ಆ ಬೆವರು ಸೇರಿ ಕೋಣೆ ಇನ್ನಷ್ಟು ಹೇಸಿಗೆಯಾಯಿತು. ಇಂಥವರನ್ನು ಕಂಡರೆ ನನಗೆ ಕೊಲೆಗಾರರೇ ವಾಸಿ ಎನಿಸುತ್ತದೆ. ಕೊಲೆಗಾರನ ಕೈಗಾದರೂ ಕೊಳೆ ಅಂಟಿರುತ್ತದೆ.

"ಕೊಲೆಗೂ ನನಗೂ ಸಂಬಂಧ ಇಲ್ಲ!" ಎಂದು ಎದ್ದು ನಿಂತ. "ನಾನು ಬರೆದುಕೊಟ್ಟಾಗ ಆ ಹುಡುಗ ಇನ್ನೂ ಬದುಕಿದ್ದ. ಸೋಮವಾರ ತಂದಾಗ ನನಗೆ ಹೇಳಿದ್ದೇ ಬೇರೆ. ಮುದುಕನಿಗೆ ಸ್ವಲ್ಪ ದಂಡ ಹಾಕಿಸ್ತೀವಿ, ಅವನು ದಡ ಬಿಟ್ಟು ಹೋಗ್ತಾನೆ, ಅಷ್ಟೇ ಅಂದ್ರು."

"ಸೋಮವಾರ?"

ಬಾರಗಾನ್ ಬಾಯಿ ಮುಚ್ಚಿದ. ತಡವಾಗಿತ್ತು.

"ಬುಧವಾರ ದೋಣಿಯಲ್ಲಿ ಸಿಕ್ಕ ಹಕ್ಕೀನ ನೀವು ಸೋಮವಾರವೇ ನೋಡಿದ್ರಾ?"

"ತಾರೀಖು ಬುಧವಾರದ್ದು ಹಾಕಿ ಅಂದ. ಹಾಕಿದೆ."

"ಅಂದವನು ಯಾರು? ಕಾಂಪೊ ಎಲಿಯಾಸನಾ?"

"ಅವರು ಇಂಥದ್ದಕ್ಕೆ ತಾವೇ ಬರ್ತಾರಾ?" ಎಂದು ವ್ಯಂಗ್ಯವಾಗಿ ನೋಡಿದ. "ಯೂನಿಫಾರ್ಮಿನವನು. ನಿಮ್ಮವನು. ನನ್ನನ್ನ ಬೆದರಿಸೋ ಮೊದಲು ನಿಮ್ಮ ಮನೆ ಗುಡಿಸ್ಕೊಳ್ಳಿ ಇನ್‌ಸ್ಪೆಕ್ಟರ್."

"ಹೆಸರು?"

"ಹೆಸರು ನಾನು ಕೇಳಲ್ಲ, ಅದು ನನ್ನ ಪದ್ಧತಿ. ಊಟದ ಡಬ್ಬಿಯಲ್ಲಿ ಹಾಕ್ಕೊಂಡು ಬಂದಿದ್ದ. ಹಕ್ಕಿ ಆಗಲೇ ನಾರ್ತಾ ಇತ್ತು. ಹೋಗುವಾಗ ಹಕ್ಕೀನ ಚೀಲಕ್ಕೆ ಹಾಕ್ಕೊಂಡ, ಡಬ್ಬಿ ಇನ್ನು ಬೇಡ ಅಂತ ಇಲ್ಲೇ ಬಿಟ್ಟು ಹೋದ." ಬಾರಗಾನ್ ತುಟಿ ಸೊಟ್ಟ ಮಾಡಿದ. "ಗಟ್ಟಿ ಡಬ್ಬಿ, ಬಿಸಾಕೋಕೆ ಮನಸ್ಸು ಬರಲಿಲ್ಲ. ಚೆನ್ನಾಗಿ ತೊಳೆಸಿದ್ದೇನೆ, ಹೆದರಬೇಡಿ."

ನಾನು ಮಿಠಾಯಿಯ ಡಬ್ಬಿಯನ್ನು ನೋಡಿದೆ. ಮಿಠಾಯಿ ಇನ್ನೂ ನನ್ನ ಹಲ್ಲಿನಲ್ಲಿ ಅಂಟಿಕೊಂಡಿತ್ತು.

"ಮುಚ್ಚಳ ಎಲ್ಲಿ?"

ಅವನು ಕಾಗದಗಳ ಅಡಿಯಿಂದ ಎಳೆದು ಕೊಟ್ಟ. ನೀಲಿ ಮುಚ್ಚಳ. ಒಂದು ಮೂಲೆ ಒಲೆಯ ಬಿಸಿಗೆ ಕರಗಿ ಸೊಟ್ಟಗಾಗಿತ್ತು. ಮಧ್ಯದಲ್ಲಿ ಕೆಂಪು ಉಗುರುಬಣ್ಣದಿಂದ ಬರೆದ ಒಂದು ಸಣ್ಣ ಹೂವು. ಠಾಣೆಯಲ್ಲಿ ಡಬ್ಬಿಗಳು ಅದಲುಬದಲಾಗಬಾರದೆಂದು ಯಾರೋ ಹೆಂಡತಿ ಪ್ರೀತಿಯಿಂದ ಬರೆದ ಹೂವು. ಮೂರು ವರ್ಷ ದಿನಾ ಮಧ್ಯಾಹ್ನ ನನ್ನ ಎದುರಿನ ಮೇಜಿನ ಮೇಲೆ ಆ ಹೂವನ್ನು ನೋಡಿದ್ದೇನೆ. ಅದರೊಳಗಿನ ಆಲೂಗಡ್ಡೆಯನ್ನು ಎಷ್ಟೋ ಸಲ ನಾನೂ ತಿಂದಿದ್ದೇನೆ.

ಕಿಟಕಿ ತೆರೆದು, ತಲೆ ಹೊರಗೆ ಹಾಕಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡೆ. ಕೆಳಗಿನಿಂದ ಕೋಳಿಗೊಬ್ಬರದ ಗಾಳಿ ಮುಖಕ್ಕೆ ಬಡಿಯಿತು. ಕೋಣೆಯ ಸೆಂಟಿಗಿಂತ ಅದೇ ಎಷ್ಟೋ ಮೇಲು ಅನ್ನಿಸಿತು.

ಬೆಳಿಗ್ಗೆ ತೊಲೋಸಾ ಲಾಕಪ್ಪಿನ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹುಬ್ಬು, ಕೊಕ್ಕು, ಇಲಿಯಂಥ ನಡೆ, ಎಲ್ಲ. ಆಮೇಲೆ ಜೀಪಿಗೆ ಎಣ್ಣೆ ಹಾಕಿಸು ಎಂದು ಕಳಿಸಿದವಳು ನಾನೇ.

ಬಾರಗಾನನ ಫೋನ್ ಕಿತ್ತುಕೊಂಡು ಠಾಣೆಗೆ ಮಾಡಿದೆ. ಎರಡು ಗಂಟೆ ಹತ್ತು ನಿಮಿಷ. ರಿಂಗ್ ಆಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು.

"ಹಲೋ?" ಹೆಣ್ಣು ದನಿ. ಬೆನಿಲ್ದಾ.

"ನೀವ್ಯಾಕೆ ಫೋನ್ ತಗೊಂಡ್ರಿ? ತೊಲೋಸಾ ಎಲ್ಲಿ?"

"ಇಲ್ಲಿ ಯಾರೂ ಇಲ್ಲ ದೊನ್ಯಾ ಒಫೇಲಿಯಾ. ಬಡ್ಕೋತಾನೇ ಇತ್ತಲ್ಲ ಅಂತ ಎತ್ತಿದೆ. ಅಣ್ಣನ್ನ ಆಗಲೇ ಕರ್ಕೊಂಡು ಹೋದ್ರಲ್ಲ. ಬೇಗ ಹೊರಡ್ಸು ಅಂತ ನೀವೇ ಹೇಳಿ ಕಳ್ಸಿದ್ರಂತೆ?"

"ಯಾರು ಯಾರು ಹೋದ್ರು?"

"ತೊಲೋಸಾ ಒಬ್ರೇ. ನಾನೂ ಬರ್ತೀನಿ ಅಂದೆ, ಜೀಪಲ್ಲಿ ಜಾಗ ಇಲ್ಲ ಅಂದ್ರು. ಖಾಲಿ ಜೀಪು!"

"ಯಾವ ದಾರಿ ಹಿಡಿದ್ರು?"

"ಅದೇ ನಂಗೂ ತಿಳೀಲಿಲ್ಲ. ತುಂಹಾಗೆ ಕೆಳಗಿನ ದಾರಿ ಅಲ್ವಾ? ಇವರು ಪಾರಮೊ ಕಡೆ ಹತ್ತಿದ್ರು."

ಪಾರಮೊದ ಆ ದಾರಿ ಯಾವ ಜೈಲಿಗೂ ಹೋಗುವುದಿಲ್ಲ. ಅಲ್ಲಿರುವುದು ಹುಲ್ಲು, ಫ್ರೈಲೆಹೋನ್, ಕಮರಿ. ಠಾಣೆಗಿದ್ದ ಒಂದೇ ಜೀಪು ಅದು.

"ಒಂದು ಒಳ್ಳೇದಾಯ್ತು ದೊನ್ಯಾ," ಎಂದಳು ಬೆನಿಲ್ದಾ. ಅವಳ ದನಿಯಲ್ಲಿ ಮೂರು ದಿನದಲ್ಲಿ ಮೊದಲ ಬಾರಿಗೆ ಸಮಾಧಾನ ಇತ್ತು.

"ಏನು?"

ನನ್ನ ಕೈಯಲ್ಲಿದ್ದ ನೀಲಿ ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ಅವಳು ಏನು ಹೇಳಲಿದ್ದಾಳೆಂದು ನನಗೆ ಹೊಳೆದುಬಿಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ವರದಿ ಎರಡು ಸಲ ಓದಿದ್ದೇನೆ: ಕೈದಿ ಓಡಿಹೋಗುತ್ತಿದ್ದ, ಗುಂಡು ಹಾರಿಸಬೇಕಾಯಿತು.

"ತೊಲೋಸಾ ಒಳ್ಳೇ ಮನುಷ್ಯ ಕಣಮ್ಮ. ಮುದುಕ, ಕೆಮ್ತಾನೆ, ಪಾಪ ಅಂತ ಅಣ್ಣನ ಕೈಬೇಡಿ ಬಿಚ್ಚಿಬಿಟ್ರು. ಒಳ್ಳೇದೇ ಅಲ್ವಾ?"